ಬೇಲಿಯೇ ಎದ್ದು ಹೊಲ ಮೇಯ್ದರೆ: ಕೆಂಗಣ್ಣಿನ ಒಳಗುಟ್ಟು

ಕಣ್ಣು ಕೆಂಪಾಗಿ ನೀರು ಸುರಿಯತೊಡಗಿದರೆ ನಾವು ‘ಕಣ್ಣು ಬಂದಿದೆ’ ಎನ್ನುತ್ತೇವೆ. ನೆರೆಮನೆಯ ತೆಲುಗರು ‘ಕಂಡ್ಲಕಲಕ’ ಎನ್ನುತ್ತಾರೆ. ಪೇಟೆಯವರ ಬಾಯಲ್ಲಿ ಅದೇ ‘ಮದ್ರಾಸ್ ಐ’. ಹೆಸರುಗಳು ಮೂರಾದರೂ ಅವುಗಳ ಹಿಂದಿರುವ ನಂಬಿಕೆ ಒಂದೇ: ಇದು ನಾಲ್ಕು ದಿನದ ಬೇನೆ, ತಾನಾಗಿ ಬಂದದ್ದು ತಾನಾಗಿ ಹೋಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಈ ನಂಬಿಕೆ ಸುಳ್ಳಾಗುವುದಿಲ್ಲ. 2023ರ ಮಳೆಗಾಲದಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣಗಳಲ್ಲೆಲ್ಲ ಕಣ್ಣು ಬರುವ ಬೇನೆ ಹಬ್ಬಿ, ಶಾಲೆಯ ಮಕ್ಕಳು ಒಬ್ಬರ ಹಿಂದೊಬ್ಬರು ಕೆಂಗಣ್ಣು ಮಾಡಿಕೊಂಡದ್ದನ್ನೂ, ಕೆಲವೇ ದಿನಗಳಲ್ಲಿ ಗುಣ ಹೊಂದಿದ್ದನ್ನೂ ನಾವೆಲ್ಲ ಕಂಡಿದ್ದೇವೆ.

ಆದರೆ ಇನ್ನೊಂದು ಬಗೆಯ ಕೆಂಗಣ್ಣು ಉಂಟು. ಹೊರನೋಟಕ್ಕೆ ಅದೂ ಇದರಂತೆಯೇ ಕಾಣುತ್ತದೆ. ಆದರೆ ಅದು ರೆಪ್ಪೆಯ ಒಳಮೈಯ ಬೇನೆಯಲ್ಲ, ಕಣ್ಣಿನ ಗುಡ್ಡೆಯ ಒಳಗೇ ಹತ್ತಿಕೊಂಡ ಉರಿ. ಅದಕ್ಕೂ ನಾವು ‘ಕಣ್ಣು ಬಂದಿದೆ’ ಎಂಬ ಹೆಸರನ್ನೇ ಕೊಟ್ಟು ಮನೆಯಲ್ಲಿ ಕುಳಿತರೆ ಬಂದ ಕಣ್ಣು ಹೋದ ಕಣ್ಣಾಗುತ್ತದೆ. ವೈದ್ಯರು ಇದನ್ನು ‘ಯುವಿಯೈಟಿಸ್’ ಎನ್ನುತ್ತಾರೆ. ಕಣ್ಣಿನ ನಡುಪೊರೆಯ ಉರಿಯೂತವೆಂದು ನಾವು ಕರೆಯಬಹುದು. ಈ ಉರಿಯನ್ನು ಹೊತ್ತಿಸುವುದು ಅನೇಕ ವೇಳೆ ಹೊರಗಿನ ಶತ್ರುವಲ್ಲ, ನಮ್ಮನ್ನು ಕಾಯಲೆಂದೇ ನೆತ್ತರಿನಲ್ಲಿ ಸುಳಿದಾಡುವ ಕಾವಲು ಪಡೆ ಎಂಬುದು ವಿಜ್ಞಾನವು ತೋರಿಸಿಕೊಟ್ಟಿರುವ ವಿಚಿತ್ರ ಸತ್ಯ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ಸಿಗಲಾರದು.

ಎರಡು ಬಗೆಯ ಕೆಂಪು

ಮೊದಲು ಇವೆರಡರ ವ್ಯತ್ಯಾಸವನ್ನು ತಿಳಿಯೋಣ. ಸಾಮಾನ್ಯವಾಗಿ ಕಣ್ಣು ಬಂದಾಗ ಪಿಸುರು ಕಟ್ಟುತ್ತದೆ, ಬೆಳಗ್ಗೆ ಏಳುವಾಗ ರೆಪ್ಪೆಗಳು ಅಂಟಿಕೊಂಡಿರುತ್ತವೆ, ಕಣ್ಣಿನಲ್ಲಿ ಮರಳು ಬಿದ್ದಂತೆ ಚುರುಗುಟ್ಟುತ್ತದೆ. ಒಂದು ಕಣ್ಣಿನಿಂದ ಇನ್ನೊಂದಕ್ಕೆ, ಒಬ್ಬರಿಂದ ಇನ್ನೊಬ್ಬರಿಗೆ ಅದು ಬೇಗ ಹರಡುತ್ತದೆ. ಆದರೆ ಪಿಸುರನ್ನು ಒರೆಸಿಕೊಂಡು ನೋಡಿದರೆ ದೃಷ್ಟಿ ಮೊದಲಿನಷ್ಟೇ ನಿಚ್ಚಳವಾಗಿರುತ್ತದೆ.

ಒಳಗಿನ ಉರಿಯೂತದ ಲಕ್ಷಣಗಳು ಬೇರೆ. ಅಲ್ಲಿ ಪಿಸುರಿರುವುದಿಲ್ಲ. ಕೆಂಪು ಬಿಳಿಗುಡ್ಡೆಯ ಅಂಚಿನಲ್ಲಿ ಅಷ್ಟಾಗಿರದೆ, ಕರಿಗುಡ್ಡೆಯ ಸುತ್ತ ಬಳೆಯಂತೆ ದಟ್ಟವಾಗಿರುತ್ತದೆ. ಹುಬ್ಬಿನವರೆಗೂ ಹರಡುವ ಮಂದವಾದ ನೋವು, ಬೆಳಕನ್ನು ನೋಡಲಾರದ ಸಂಕಟ, ಮಂಜು ಕವಿದಂತಹ ದೃಷ್ಟಿ ಇವು ಅದರ ಗುರುತುಗಳು. ಹೆಚ್ಚಾಗಿ ಒಂದೇ ಕಣ್ಣಿಗೆ ಬರುತ್ತದೆ, ಮನೆಯ ಬೇರೆಯವರಿಗೆ ಅಂಟುವುದಿಲ್ಲ. ಕಣ್ಣಿನ ನಡುವಿನ ಪಾಪೆ ಚಿಕ್ಕದಾಗಿರುತ್ತದೆ. ಬೇನೆ ಹಳೆಯದಾದರೆ ತನ್ನ ದುಂಡನ್ನೇ ಕಳೆದುಕೊಂಡು ಅಂಕುಡೊಂಕಾಗುತ್ತದೆ.

ಈ ಕೊನೆಯ ಲಕ್ಷಣದ ಕಾರಣವನ್ನು ಅರಿತರೆ ರೋಗದ ಕ್ರೌರ್ಯ ಅರ್ಥವಾಗುತ್ತದೆ. ಪಾಪೆಯ ಸುತ್ತಲಿನ ಬಣ್ಣದ ಬಳೆಗೆ ವರ್ಣಪಟಲವೆಂದು ಹೆಸರು. ಅದರ ಬೆನ್ನಿಗೇ ಕಣ್ಣಿನ ಮಸೂರವಿದೆ. ಉರಿಯೂತದಲ್ಲಿ ಒಸರಿದ ದ್ರವವು ಗೋಂದಿನಂತಾಗಿ ವರ್ಣಪಟಲವನ್ನು ಮಸೂರಕ್ಕೆ ಅಂಟಿಸಿಬಿಡುತ್ತದೆ. ಕಣ್ಣಿನೊಳಗಿನ ನೀರು ಹರಿಯುವ ದಾರಿ ಕಟ್ಟಿಕೊಂಡರೆ ಒತ್ತಡವೇರಿ ಗ್ಲಾಕೋಮ ಉಂಟಾಗುತ್ತದೆ, ಮಸೂರ ಮಬ್ಬಾಗಿ ಪೊರೆ ಬರುತ್ತದೆ. ಉರಿ ಹಿಂಭಾಗಕ್ಕೆ ಹಬ್ಬಿದರೆ ಅಕ್ಷಿಪಟಲವೇ ಊದಿಕೊಳ್ಳುತ್ತದೆ.

ನಮ್ಮ ಹಿರಿಯರಿಗೆ ಕಣ್ಣಿನ ಶಿಬಿರಗಳೆಂದರೆ ಡಾ. ಎಂ. ಸಿ. ಮೋದಿಯವರ ನೆನಪಾಗುತ್ತದೆ. 2005ರಲ್ಲಿ ತೀರಿಕೊಂಡ ಆ ಮಹನೀಯರು ಊರೂರು ತಿರುಗಿ ಲಕ್ಷಾಂತರ ಜನರ ಪೊರೆ ತೆಗೆದು, ಕುರುಡು ಹಣೆಬರಹವಲ್ಲವೆಂದು ನಮ್ಮ ಹಳ್ಳಿಗಳಿಗೆ ಕಲಿಸಿದರು. ಆದರೆ ಪೊರೆಯು ಶಿಬಿರ ಬರುವ ತನಕ ಕಾಯುವ ರೋಗ. ಸುಗ್ಗಿ ಮುಗಿಯಲಿ, ಮಗಳ ಮದುವೆಯಾಗಲಿ ಎಂದರೂ ಕೇಳುತ್ತದೆ. ಒಳಗಿನ ಉರಿಯೂತ ಹಾಗೆ ಕಾಯುವುದಿಲ್ಲ. ಇದೂ ಪೊರೆಗಿಂತ ಭಿನ್ನವಾಗಿ, ಅನೇಕ ವೇಳೆ ದುಡಿಯುವ ಪ್ರಾಯದವರನ್ನೇ ಹಿಡಿಯುತ್ತದೆ.

ನೆತ್ತರಿನ ಕಾವಲು ಪಡೆ

ಈ ಕಾವಲು ಪಡೆಯ ಪರಿಚಯ ಜಗತ್ತಿಗಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಬೆಲ್ಜಿಯಂ ದೇಶದ ತರುಣ ವಿಜ್ಞಾನಿ ಜೂಲ್ ಬೋರ್ಡೆ ಒಂದು ಸರಳ ಪ್ರಯೋಗ ಮಾಡಿದನು. ಒಮ್ಮೆ ರೋಗಾಣುವಿನ ರುಚಿ ಕಂಡಿದ್ದ ಪ್ರಾಣಿಯ ರಕ್ತರಸವು ಆ ರೋಗಾಣುವನ್ನು ಕೊಲ್ಲುತ್ತಿತ್ತು. ಅದೇ ರಕ್ತರಸವನ್ನು 56 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಅರ್ಧ ಗಂಟೆ ಕಾಯಿಸಿದರೆ ಅದರ ಕೊಲ್ಲುವ ಶಕ್ತಿ ಅಡಗುತ್ತಿತ್ತು. ಆಗ ಅದಕ್ಕೆ, ಆ ರೋಗಾಣುವನ್ನು ಕಂಡೇ ಇರದ ಬೇರೊಂದು ಪ್ರಾಣಿಯ ಹಸಿ ರಕ್ತರಸವನ್ನು ಸ್ವಲ್ಪ ಬೆರೆಸಿದರೆ ಶಕ್ತಿ ಮರಳಿ ಬರುತ್ತಿತ್ತು! ಇದರಿಂದ ಹೊಳೆದದ್ದಿಷ್ಟು: ರಕ್ತದಲ್ಲಿ ಎರಡು ವಸ್ತುಗಳಿವೆ. ಒಂದು, ಶತ್ರುವನ್ನು ಗುರುತಿಸುವ ಪ್ರತಿಕಾಯ. ಅದು ಶಾಖಕ್ಕೆ ಜಗ್ಗುವುದಿಲ್ಲ. ಇನ್ನೊಂದು, ಎಲ್ಲರ ರಕ್ತದಲ್ಲಿಯೂ ಹುಟ್ಟಿನಿಂದಲೇ ಇದ್ದು, ಪ್ರತಿಕಾಯದ ಕೆಲಸವನ್ನು ಪೂರ್ತಿಗೊಳಿಸುವ ವಸ್ತು. ಅದು ಶಾಖಕ್ಕೆ ಕೆಡುತ್ತದೆ. ಜರ್ಮನಿಯ ಪಾಲ್ ಎರ್ಲಿಖ್ ಈ ಎರಡನೆಯದಕ್ಕೆ ‘ಕಾಂಪ್ಲಿಮೆಂಟ್’ ಎಂದು ಹೆಸರಿಟ್ಟನು. ಕನ್ನಡದಲ್ಲಿ ಇದನ್ನು ‘ಪೂರಕ ವ್ಯವಸ್ಥೆ’ ಎನ್ನಬಹುದು. ಬೋರ್ಡೆಗೆ 1919ನೆಯ ಸಾಲಿನ ನೊಬೆಲ್ ಬಹುಮಾನ ಸಂದಿತು.

ಪೂರಕವೆಂಬುದು ಒಂದೇ ವಸ್ತುವಲ್ಲ, ಮೂವತ್ತಕ್ಕೂ ಹೆಚ್ಚು ಪ್ರೋಟೀನುಗಳ ಕೂಟವೆಂದು ಈಗ ತಿಳಿದಿದೆ. ಇವುಗಳಲ್ಲಿ ಬಹುಪಾಲು ಯಕೃತ್ತಿನಲ್ಲಿ ತಯಾರಾಗಿ ರಕ್ತದಲ್ಲಿ ನಿದ್ರಿಸುವಂತೆ ತೇಲುತ್ತಿರುತ್ತವೆ. ಎಚ್ಚರಿಸುವ ದಾರಿಗಳು ಮೂರು. ಪ್ರತಿಕಾಯವು ಶತ್ರುವಿಗೆ ಅಂಟಿಕೊಂಡು ಕೂಗಿ ಕರೆಯುವುದು ಒಂದು. ರೋಗಾಣುವಿನ ಮೈಮೇಲಿನ ಸಕ್ಕರೆಯ ಅಂಶಗಳನ್ನು ನೇರವಾಗಿ ಗುರುತಿಸುವುದು ಇನ್ನೊಂದು. ಮೂರನೆಯದು ಯಾರ ಕರೆಗೂ ಕಾಯುವುದಿಲ್ಲ. ಬೂದಿ ಮುಚ್ಚಿದ ಕೆಂಡದಂತೆ ಸದಾ ಸ್ವಲ್ಪ ಸ್ವಲ್ಪ ಉರಿಯುತ್ತಲೇ ಇರುತ್ತದೆ.

ಮೂರು ದಾರಿಗಳೂ ‘ಸಿ-3’ ಎಂಬ ಪ್ರೋಟೀನಿನಲ್ಲಿ ಕೂಡುತ್ತವೆ. ಸಿ-3 ಎರಡಾಗಿ ಸೀಳುತ್ತದೆ. ದೊಡ್ಡ ಚೂರು ಶತ್ರುವಿನ ಮೈಗೆ ಅಂಟಿ, ‘ಇವನನ್ನು ನುಂಗಿರಿ’ ಎಂದು ಬಿಳಿ ರಕ್ತಕಣಗಳಿಗೆ ಗುರುತು ತೋರಿಸುತ್ತದೆ. ಚಿಕ್ಕ ಚೂರು ಸುತ್ತಲೂ ಹರಡಿ ರಕ್ತನಾಳಗಳನ್ನು ಅಗಲಿಸುತ್ತದೆ. ಮುಂದೆ ‘ಸಿ-5’ ಕೂಡ ಹೀಗೆಯೇ ಸೀಳಿ, ಅದರ ಚಿಕ್ಕ ಚೂರು ಇನ್ನೂ ಬಲವಾಗಿ ಬಿಳಿಕಣಗಳ ದಂಡನ್ನು ಸ್ಥಳಕ್ಕೆ ಸೆಳೆಯುತ್ತದೆ. ಉಳಿದ ಚೂರು ಸಿ-6ರಿಂದ ಸಿ-9ರವರೆಗಿನ ಜೊತೆಗಾರರನ್ನು ಕೂಡಿಕೊಂಡು ಶತ್ರುವಿನ ಹೊರಪೊರೆಯಲ್ಲಿ ಒಂದು ಕೊಳವೆಯನ್ನು ಕೊರೆಯುತ್ತದೆ. ಆ ರಂಧ್ರದ ಅಗಲ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟು. ಅದರ ಮೂಲಕ ನೀರು ನುಗ್ಗಿ ಕ್ರಿಮಿ ಉಬ್ಬಿ ಒಡೆಯುತ್ತದೆ.

ಇಂತಹ ಹರಿತವಾದ ಆಯುಧ ನಮ್ಮ ಸ್ವಂತ ಜೀವಕೋಶಗಳನ್ನೇಕೆ ಕೊಲ್ಲುವುದಿಲ್ಲ? ಪ್ರತಿಯೊಂದು ಕೋಶದ ಮೈಮೇಲೂ ‘ಇದು ಮನೆಯವರದು, ಮುಟ್ಟಬೇಡ’ ಎಂದು ತಡೆಯುವ ಪ್ರೋಟೀನುಗಳಿವೆ. ರಕ್ತದಲ್ಲಿ ತೇಲುವ ‘ಎಚ್ ಅಂಶ’ವೆಂಬುದೂ ಇಂತಹ ಒಂದು ಕಡಿವಾಣವೇ. ಪಡೆ ಎಷ್ಟು ಮುಖ್ಯವೋ ಕಡಿವಾಣವೂ ಅಷ್ಟೇ ಮುಖ್ಯ. ಕಣ್ಣಿನ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ.

ಕಣ್ಣೆಂಬ ಮೃದುವಾದ ಮನೆ

ಕಾಲಿಗೆ ಮುಳ್ಳು ಚುಚ್ಚಿ ಊದಿಕೊಂಡರೆ, ಕೀವು ಬಂದರೆ, ಗಾಯ ಮಾಯ್ದ ಮೇಲೆ ಕಲೆ ಉಳಿಯುತ್ತದೆ. ಕಾಲು ಮತ್ತೆ ನಡೆಯುತ್ತದೆ. ಕಣ್ಣಿಗೆ ಅಷ್ಟು ಸಹನೆಯಿಲ್ಲ. ಅದರ ಕೆಲಸವೆಲ್ಲ ತಿಳಿಯಾದ ದ್ರವ, ತಿಳಿಯಾದ ಮಸೂರಗಳ ಮೇಲೆ ನಿಂತಿದೆ. ಅಲ್ಲಿ ಸಣ್ಣ ಕಲೆಯೂ ಕತ್ತಲೆಯಾಗುತ್ತದೆ. ಆದುದರಿಂದ ಪ್ರಕೃತಿಯು ಕಣ್ಣಿಗೂ ರಕ್ತಕ್ಕೂ ನಡುವೆ ಗಟ್ಟಿಯಾದ ತಡೆಗೋಡೆಯನ್ನು ಇಟ್ಟಿದೆ. ಒಳಗೆ ಪೂರಕವನ್ನು ಹದ್ದಿನಲ್ಲಿಡುವ ಕಡಿವಾಣಗಳನ್ನೂ ಇಟ್ಟಿದೆ.

ಉರಿಯೂತದಲ್ಲಿ ಈ ಗೋಡೆ ಬಿರುಕು ಬಿಡುತ್ತದೆ. ರಕ್ತದ ಪ್ರೋಟೀನುಗಳೂ ಬಿಳಿಕಣಗಳೂ ಕಣ್ಣಿನ ನೀರಿನೊಳಕ್ಕೆ ಸೋರುತ್ತವೆ. ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿಯುವಾಗ ಅದರಲ್ಲಿ ದೂಳಿನ ಕಣಗಳು ತೇಲುವುದನ್ನು ನೋಡಿರುತ್ತೀರಿ. ನೇತ್ರವೈದ್ಯರು ರೋಗಿಯ ಗಲ್ಲವನ್ನು ಆಧಾರದ ಮೇಲಿರಿಸಿ, ಸ್ಲಿಟ್ ಲ್ಯಾಂಪ್ ಎಂಬ ಯಂತ್ರದಿಂದ ತೆಳುವಾದ ಬೆಳಕಿನ ಗೀರನ್ನು ಬಿಟ್ಟು ನೋಡುವುದು ಇದನ್ನೇ. ತಿಳಿಯಾಗಿರಬೇಕಾದ ನೀರಿನಲ್ಲಿ ಮಬ್ಬು ಕೋಲು ಕಂಡರೆ, ಅದರಲ್ಲಿ ಕಣಗಳು ತೇಲಿದರೆ, ಒಳಗೆ ಉರಿ ಇದೆಯೆಂದು ಖಚಿತವಾಗುತ್ತದೆ. ಬರಿಗಣ್ಣಿಗಾಗಲಿ, ಔಷಧದಂಗಡಿಯವನಿಗಾಗಲಿ ಇದು ಕಾಣುವಂಥದ್ದಲ್ಲ.

ಇಲಿಯ ಕಣ್ಣು, ನಾಗರಹಾವಿನ ವಿಷ

ಉರಿಯಿದ್ದಲ್ಲಿ ಪೂರಕವಿರುತ್ತದೆ ಎಂದಮಾತ್ರಕ್ಕೆ ಪೂರಕವೇ ಉರಿ ಹಚ್ಚಿತೆಂದು ಹೇಳಲಾದೀತೆ? ಬೆಂಕಿ ಬಿದ್ದಲ್ಲಿ ಕಾವಲುಗಾರ ಕಂಡರೆ, ಆತ ಬೆಂಕಿ ಇಟ್ಟವನೋ ಆರಿಸಲು ಬಂದವನೋ ವಿಚಾರಿಸಬೇಕು. ಈ ವಿಚಾರಣೆ ನಡೆದದ್ದು ಅಮೆರಿಕದ ಪ್ರಯೋಗಶಾಲೆಗಳಲ್ಲಿ, ಇಲಿಗಳ ಕಣ್ಣಿನಲ್ಲಿ. ನಳಿನಿ ಬೋರಾ ಮತ್ತು ಅವರ ಸಂಗಡಿಗರು ಇದರಲ್ಲಿ ಮುಂದಾಳುಗಳು.

2000ದಲ್ಲಿ ಪ್ರಕಟವಾದ ಪ್ರಯೋಗಗಳಿಂದ ಆರೋಗ್ಯವಾದ ಇಲಿಯ ಕಣ್ಣಿನಲ್ಲಿಯೂ ಪೂರಕವು ಮಂದವಾಗಿ ಉರಿಯುತ್ತಲೇ ಇರುತ್ತದೆಂದು ತಿಳಿಯಿತು. ಕಡಿವಾಣದ ಪ್ರೋಟೀನನ್ನು ತಡೆಗಟ್ಟಿದರೆ ಅಷ್ಟರಿಂದಲೇ ಕಣ್ಣು ಉರಿಯೂತಕ್ಕೆ ಒಳಗಾಯಿತು. ಹೊರಗಿನ ಕ್ರಿಮಿ ಒಂದೂ ಬೇಕಾಗಲಿಲ್ಲ.

ಇನ್ನೊಂದು ಪ್ರಯೋಗ 2006ರ ಸುಮಾರಿನದು. ನಾಗರಹಾವಿನ ವಿಷದಲ್ಲಿ ಸಿ-3ನ್ನು ಹೋಲುವ ಒಂದು ಪ್ರೋಟೀನು ಇದೆ. ವಿಷದಿಂದ ಬೇರ್ಪಡಿಸಿದಾಗ ಅದು ಮಾರಕವಲ್ಲ. ಆದರೆ ಅದು ರಕ್ತವನ್ನು ಹೊಕ್ಕರೆ ಪೂರಕವನ್ನು ಬಿಡದೆ ಕೆರಳಿಸಿ, ಕೆರಳಿಸಿ, ಉಗ್ರಾಣವನ್ನೇ ಬರಿದು ಮಾಡಿಬಿಡುತ್ತದೆ. ಹೀಗೆ ಪೂರಕವನ್ನು ಬರಿದು ಮಾಡಿದ ಇಲಿಗಳಲ್ಲಿ ಉರಿಯೂತ ಬರಿಸಲು ಯತ್ನಿಸಿದಾಗ ಅದು ತಲೆಯೆತ್ತಲಿಲ್ಲ. ಪೂರಕವಿದ್ದ ಇಲಿಗಳ ಕಣ್ಣುಗಳು ಕೆಂಪೇರಿದವು. ಕಡಿವಾಣ ತೆಗೆದರೆ ಉರಿ ಹತ್ತುತ್ತದೆ, ಪಡೆಯನ್ನೇ ತೆಗೆದರೆ ಉರಿ ಹತ್ತುವುದಿಲ್ಲ ಎಂಬ ಎರಡು ಸಾಕ್ಷಿಗಳು ಒಟ್ಟಾದ ಮೇಲೆ, ಇಲಿಗಳ ಮಟ್ಟಿಗಂತೂ ತೀರ್ಪು ಸ್ಪಷ್ಟವಾಯಿತು. ಮನುಷ್ಯರಲ್ಲಿಯೂ, ಈ ರೋಗವುಳ್ಳವರ ಕಣ್ಣಿನ ನೀರಿನಲ್ಲಿ ಪೂರಕದ ಅಂಶಗಳು ದೊರೆತಿವೆ. ಆದರೆ ಮನುಷ್ಯರ ರೋಗಕ್ಕೆ ಕಾರಣಗಳು ಹಲವು. ಪೂರಕದ ಜೊತೆಗೆ ದಾರಿ ತಪ್ಪಿದ ಬಿಳಿಕಣಗಳೂ ಅಲ್ಲಿ ಪಾಲುದಾರರು.

ವೇಷ ಹಾಕಿದ ಕ್ರಿಮಿ

ಹಾಗಾದರೆ ಹೊರಗಿನ ಶತ್ರುವಿಗೆ ಪಾತ್ರವೇ ಇಲ್ಲವೆ? ಉಂಟು. ನಮ್ಮ ದೇಶದಲ್ಲಿ ಕ್ಷಯವು ಈ ರೋಗದ ಒಂದು ಮುಖ್ಯ ಕಾರಣ. ಇಲಿಜ್ವರವೆಂಬ ಲೆಪ್ಟೊಸ್ಪೈರೋಸಿಸ್ ಇನ್ನೊಂದು. ಇಲಿಗಳ ಮೂತ್ರದಿಂದ ಮಲಿನವಾದ ನೀರು, ಕೆಸರುಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ, ಚರ್ಮದ ಬಿರುಕಿನ ಮೂಲಕ ಇದರ ಕ್ರಿಮಿ ಸೇರುತ್ತದೆ. ಜ್ವರ ಬಂದು ಹೋದ ಎಷ್ಟೋ ವಾರಗಳ, ತಿಂಗಳುಗಳ ನಂತರ ಕಣ್ಣು ಕೆಂಪಾಗಬಹುದು. 1993ರ ಕೊನೆಗೆ ತಮಿಳುನಾಡಿನಲ್ಲಿ ಭಾರಿ ಮಳೆ, ನೆರೆ ಬಂದ ಬೆನ್ನಿಗೇ ಮಧುರೆಯ ಅರವಿಂದ ಕಣ್ಣಿನ ಆಸ್ಪತ್ರೆಗೆ ಇಂತಹ ರೋಗಿಗಳು ಗುಂಪಾಗಿ ಬಂದರು. ಅಲ್ಲಿನ ವೈದ್ಯರು 73 ಮಂದಿಯ ವಿವರವನ್ನು 1997ರಲ್ಲಿ ಪ್ರಕಟಿಸಿದ ಮೇಲೆ, ಇಲಿಜ್ವರಕ್ಕೂ ಕಣ್ಣಿಗೂ ಇರುವ ನಂಟು ನಮ್ಮ ದೇಶದ ವೈದ್ಯರ ಗಮನಕ್ಕೆ ಬಂತು.

ಈ ಕ್ರಿಮಿ ಪೂರಕದ ಪಡೆಯಿಂದ ಪಾರಾಗುವ ರೀತಿ ಬೆರಗು ಹುಟ್ಟಿಸುವಂಥದು. ಅದು ರಕ್ತದಲ್ಲಿ ತೇಲುವ ‘ಎಚ್ ಅಂಶ’ವನ್ನು ಹಿಡಿದು ತನ್ನ ಮೈಗೆ ಹೊದ್ದುಕೊಳ್ಳುತ್ತದೆ. ಮನೆಯವರ ಗುರುತನ್ನು ತೊಟ್ಟ ಕಳ್ಳನನ್ನು ಕಾವಲುಗಾರ ಬಿಟ್ಟುಬಿಡುತ್ತಾನೆ. ಕುದುರೆಗಳಿಗೂ ಈ ಕ್ರಿಮಿಯಿಂದ ಮರುಕಳಿಸುವ ಕಣ್ಣಿನ ಉರಿಯೂತ ಬರುತ್ತದೆ. ಚಂದ್ರನ ವೃದ್ಧಿಕ್ಷಯಗಳಿಗೆ ತಕ್ಕಂತೆ ಅದು ಬರುತ್ತದೆಂದು ಭಾವಿಸಿ ಯೂರೋಪಿನ ಹಿಂದಿನವರು ಅದಕ್ಕೆ ‘ಚಂದ್ರಕುರುಡು’ ಎಂದು ಹೆಸರಿಟ್ಟಿದ್ದರು.

ತುಂಗಭದ್ರೆಯ ಎಲ್. ಎಲ್. ಸಿ. ಕಾಲುವೆಯ ನೀರಿನಲ್ಲಿ ಬತ್ತದ ಸಸಿ ನೆಡುವ ನಮ್ಮ ರೈತರೂ ಕೂಲಿಯ ಹೆಣ್ಣುಮಕ್ಕಳೂ, ಜ್ವರದ ನಂತರ ಕಣ್ಣು ಮಂಜಾದರೆ ಹಿಂದಿನ ಜ್ವರದ ಸಂಗತಿಯನ್ನು ವೈದ್ಯರಿಗೆ ತಿಳಿಸಲೇಬೇಕು.

ಒಂದೇ ಮದ್ದು, ಎರಡು ಫಲ

ಈಗ ನಮ್ಮ ಮನೆಗಳ ವಿಷಯಕ್ಕೆ ಬರೋಣ. ಕಣ್ಣು ಕೆಂಪಾದರೆ ತಾಯಿಯ ಹಾಲು, ಹರಳೆಣ್ಣೆ, ನಂದಿಬಟ್ಟಲ ಹೂವಿನ ರಸ ಹಾಕುವುದು ಹಿಂದಿನಿಂದ ಬಂದ ರೂಢಿ. ಇವು ಕಣ್ಣಿನ ಒಳಗಿನ ಉರಿಯನ್ನು ಮುಟ್ಟಲಾರವು. ಹೊರಗಿನ ಕ್ರಿಮಿಯನ್ನು ಕಣ್ಣಿಗೆ ಒಯ್ಯಬಲ್ಲವು. ಈಗ ಇನ್ನೊಂದು ರೂಢಿ ಬಂದಿದೆ. ಮೆಡಿಕಲ್ ಶಾಪಿಗೆ ಹೋಗಿ ‘ಕಣ್ಣು ಬಂದಿದೆ, ಡ್ರಾಪ್ಸ್ ಕೊಡಿ’ ಎನ್ನುವುದು. ಹೀಗೆ ದೊರೆಯುವ ಸೀಸೆಯಲ್ಲಿ ಅನೇಕ ವೇಳೆ ಸ್ಟೆರಾಯ್ಡ್ ಬೆರೆತಿರುತ್ತದೆ.

ಸ್ಟೆರಾಯ್ಡ್ ಕೆಟ್ಟ ವಸ್ತುವಲ್ಲ. ಒಳಗಿನ ಉರಿಯೂತಕ್ಕೆ ಇಂದಿಗೂ ಮೊದಲ ಮದ್ದು ಅದೇ. ಕೆರಳಿದ ಪಡೆಯನ್ನು ಅದು ಸುಮ್ಮನಾಗಿಸುತ್ತದೆ. ಜೊತೆಗೆ ಪಾಪೆಯನ್ನು ಅಗಲಿಸಿ ಅಂಟಿಕೊಳ್ಳದಂತೆ ಮಾಡುವ ಅಟ್ರೊಪಿನ್ ಜಾತಿಯ ಹನಿಗಳನ್ನು ಹಾಕುತ್ತಾರೆ. ಆದರೆ ಹತ್ತಿಕಡ್ಡಿಯೋ ಬತ್ತದ ಗರಿಯೋ ತಗುಲಿ, ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲದಲ್ಲಿ ಬೂಷ್ಟಿನ ಹುಣ್ಣಾಗಿದ್ದರೆ ಆ ಕಣ್ಣೂ ಕೆಂಪಾಗಿಯೇ ಇರುತ್ತದೆ. ಅಲ್ಲಿ ಕಾವಲು ಪಡೆ ಸರಿಯಾದ ಕೆಲಸವನ್ನೇ ಮಾಡುತ್ತಿದೆ. ಆ ಕಣ್ಣಿಗೆ ಸ್ಟೆರಾಯ್ಡ್ ಹಾಕಿದರೆ ಕಾವಲುಗಾರನ ಕೈ ಕಟ್ಟಿ ಕಳ್ಳನಿಗೆ ಬಾಗಿಲು ತೆರೆದಂತೆ. ಒಂದು ಕಣ್ಣನ್ನು ಉಳಿಸಿದ ಹನಿಯೇ ಇನ್ನೊಂದನ್ನು ಕಳೆಯುತ್ತದೆ. ಸಲಹೆಯಿಲ್ಲದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಅದರಿಂದಲೇ ಗ್ಲಾಕೋಮವೂ ಪೊರೆಯೂ ಬರುತ್ತವೆ. ಬೇಲಿ ಹೊಲ ಮೇಯುತ್ತಿದೆಯೋ, ಕಳ್ಳನನ್ನು ತಡೆಯುತ್ತಿದೆಯೋ ಎಂದು ಮೊದಲು ನೋಡಬೇಕು. ನೋಡದೆ ಬೇಲಿ ಕೀಳಬಾರದು.

ಬೇಲಿಯಿಲ್ಲದೆ ಬದುಕಲಾಗದೆಂಬುದಕ್ಕೆ ಇನ್ನೊಂದು ಸಾಕ್ಷಿಯಿದೆ. ಸಿ-5ರಿಂದ ಸಿ-9ರವರೆಗಿನ ಅಂಶಗಳಲ್ಲಿ ಒಂದರ ಕೊರತೆಯೊಡನೆ ಹುಟ್ಟಿದವರು ವಿರಳವಾಗಿ ಇರುತ್ತಾರೆ. ಮಿದುಳುಪೊರೆಯ ಜ್ವರವನ್ನು ತರುವ ಒಂದು ಜಾತಿಯ ಬ್ಯಾಕ್ಟೀರಿಯ ಅವರನ್ನು ಮತ್ತೆ ಮತ್ತೆ ಕಾಡುತ್ತದೆ.

ಹೊಸ ಔಷಧಗಳು

ಪೂರಕವನ್ನೇ ಗುರಿಯಿಟ್ಟು ತಡೆಯುವ ಔಷಧಗಳು ಈಗ ಹೊರಬಂದಿವೆ. ಕಣ್ಣಿನ ನರವನ್ನೂ ಬೆನ್ನುಹುರಿಯನ್ನೂ ಹಾಳುಮಾಡುವ ‘ನ್ಯೂರೊಮೈಲೈಟಿಸ್ ಆಪ್ಟಿಕ’ ಎಂಬ ರೋಗದಲ್ಲಿ ಪೂರಕದ ಪಾತ್ರ ದೊಡ್ಡದು. ಸಿ-5ನ್ನು ತಡೆಯುವ ಎಕುಲಿಜುಮ್ಯಾಬ್ ಎಂಬ ಔಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕಾಗಿ ಮನ್ನಣೆ ದೊರೆಯಿತು. ಅದನ್ನು ಕೊಡುವ ಮೊದಲು ಮಿದುಳುಪೊರೆಯ ಜ್ವರದ ವಿರುದ್ಧ ಲಸಿಕೆ ಹಾಕುತ್ತಾರೆ. ಮೇಲೆ ಹೇಳಿದ ಸಾಕ್ಷಿಯೇ ಇದಕ್ಕೆ ಕಾರಣ. ಮುಪ್ಪಿನಲ್ಲಿ ಅಕ್ಷಿಪಟಲದ ನಡುಭಾಗ ಸವೆಯುವ ರೋಗಕ್ಕೂ ಎಚ್ ಅಂಶದ ಒಂದು ಆನುವಂಶಿಕ ವ್ಯತ್ಯಾಸಕ್ಕೂ ಸಂಬಂಧವಿದೆಯೆಂದು 2005ರಲ್ಲಿ ತಿಳಿದುಬಂತು. 2023ರಲ್ಲಿ, ಪೂರಕವನ್ನು ತಡೆದು ಈ ಸವೆತವನ್ನು ನಿಧಾನಗೊಳಿಸುವ ಎರಡು ಚುಚ್ಚುಮದ್ದುಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅವು ಹೋದ ದೃಷ್ಟಿಯನ್ನು ಮರಳಿ ತರುವುದಿಲ್ಲ.

ನಮ್ಮ ಪ್ರಸ್ತುತ ರೋಗವಾದ ನಡುಪೊರೆಯ ಉರಿಯೂತದ ಚಿಕಿತ್ಸೆಯಲ್ಲಿ ಪೂರಕದ ತಡೆಮದ್ದು ಇನ್ನೂ ಬಳಕೆಗೆ ಬಂದಿಲ್ಲ. ಸ್ಟೆರಾಯ್ಡಿಗೆ ಬಗ್ಗದವರಿಗೆ ಮೆಥೊಟ್ರೆಕ್ಸೇಟ್ ಮೊದಲಾದ ಮಾತ್ರೆಗಳೂ, ಅಡಲಿಮುಮ್ಯಾಬ್ ಎಂಬ ಚುಚ್ಚುಮದ್ದೂ ಇವೆ. ಆದುದರಿಂದ ದೂರದ ಹೊಸ ಔಷಧಕ್ಕೆ ಕಾಯುವ ಅಗತ್ಯವಿಲ್ಲ. ಸಾಮಾನ್ಯ ಔಷಧಗಳನ್ನು ಹೊತ್ತಿಗೆ ಸರಿಯಾಗಿ ಪಡೆದರೆ ಅನೇಕ ಕಣ್ಣುಗಳು ಉಳಿಯುತ್ತವೆ.

ನಾವು ಮಾಡಬೇಕಾದದ್ದು

ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಅಂದಿನಿಂದ ನಮ್ಮವರ ಕಾಯಿಲೆಗಳಿಗೂ ಎರಡು ದಿಕ್ಕುಗಳಾದವು. ಕೆಲವರು ಕರ್ನೂಲಿನ ಸರಕಾರಿ ಕಣ್ಣಿನ ಆಸ್ಪತ್ರೆಗೆ ಹೋಗುತ್ತಾರೆ, ಕೆಲವರು ಬಳ್ಳಾರಿ, ರಾಯಚೂರುಗಳಿಗೆ. ಹೆಚ್ಚಿನ ತೊಂದರೆಯಾದರೆ ಹೈದರಾಬಾದು ಅಥವಾ ಬೆಂಗಳೂರಿನ ಮಿಂಟೊ ಆಸ್ಪತ್ರೆ. ಯಾವ ದಿಕ್ಕಾದರೂ ಸರಿ, ಹೋಗುವುದು ಬೇಗನೆ ಆಗಬೇಕು. ಸ್ಲಿಟ್ ಲ್ಯಾಂಪ್ ಇರುವಲ್ಲಿಗೇ ಆಗಬೇಕು. ಕೆಂಪಿನೊಡನೆ ನೋವು, ಬೆಳಕಿನ ಭಯ, ಮಂಜು ಈ ಮೂರರಲ್ಲಿ ಒಂದು ಕಂಡರೂ ಮರುದಿನಕ್ಕೆ ತಳ್ಳಬಾರದು.

ಮನೆಮಾತು ಕನ್ನಡ, ಆಸ್ಪತ್ರೆಯ ಮಾತು ತೆಲುಗು ಆಗಿರುವಲ್ಲಿ ರೋಗಿಯು ‘ಕಣ್ಣು ಕೆಂಪು’ ಎಂದಷ್ಟೇ ಹೇಳಿ ಸುಮ್ಮನಾಗುವುದುಂಟು. ಹೇಳಬೇಕಾದ ಸಂಗತಿಗಳನ್ನು ಮನೆಯ ಓದುವ ಮಕ್ಕಳಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡು ಹೋಗುವುದು ಲೇಸು. ಎಷ್ಟು ದಿನವಾಯಿತು? ಒಂದು ಕಣ್ಣೋ ಎರಡೋ? ಹಿಂದೆ ಹೀಗೆ ಆಗಿತ್ತೆ? ಕಡ್ಡಿ, ಮುಳ್ಳು ತಗುಲಿತ್ತೆ? ಹತ್ತಿರದ ತಿಂಗಳುಗಳಲ್ಲಿ ಜ್ವರ ಬಂದಿತ್ತೆ? ಮನೆಯಲ್ಲಿ ಕ್ಷಯ ಇದ್ದವರುಂಟೆ? ಬೆಳಗಿನ ಹೊತ್ತು ಸೊಂಟ, ಬೆನ್ನು ಬಿಗಿಯುವುದುಂಟೆ? ಏಕೆಂದರೆ ತರುಣರಲ್ಲಿ ಬೆನ್ನಿನ ಒಂದು ಜಾತಿಯ ವಾತಕ್ಕೂ ಈ ಕಣ್ಣುಬೇನೆಗೂ ನಂಟಿದೆ. ಈವರೆಗೆ ಹಾಕಿದ ಹನಿಯ ಸೀಸೆಯನ್ನೂ ಕೈಯಲ್ಲಿ ಒಯ್ಯಬೇಕು. ವೈದ್ಯರು ರಕ್ತಪರೀಕ್ಷೆ, ಎದೆಯ ಎಕ್ಸ್-ರೇ ಬರೆದುಕೊಟ್ಟರೆ ‘ಕಣ್ಣಿಗೆ ಎದೆಯ ಫೋಟೋ ಏಕೆ’ ಎಂದು ಅನುಮಾನಿಸಬೇಕಾಗಿಲ್ಲ. ಅವರು ಹುಡುಕುತ್ತಿರುವುದು ಬೇಲಿ ಏಕೆ ಎದ್ದಿತೆಂಬ ಕಾರಣವನ್ನು. ಹನಿಗಳನ್ನು ನೋವು ಇಳಿಯಿತೆಂದು ತಟ್ಟನೆ ನಿಲ್ಲಿಸಲೂ ಬಾರದು, ಅವರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಶಿಕ್ಷಕ ಬಂಧುಗಳಲ್ಲಿ ಒಂದು ವಿಶೇಷ ವಿಜ್ಞಾಪನೆ. ಕೀಲುವಾತವುಳ್ಳ ಚಿಕ್ಕ ಮಕ್ಕಳಲ್ಲಿ ಈ ಉರಿಯೂತ ಕೆಂಪಿಲ್ಲದೆ, ನೋವಿಲ್ಲದೆ, ಸದ್ದಿಲ್ಲದೆ ಬರುತ್ತದೆ. ಕಣ್ಣು ಬೆಳ್ಳಗೇ ಇರುತ್ತದೆ. ಮೊಣಕಾಲು ಊದಿಕೊಂಡು ಕುಂಟುವ ಮಗುವೊಂದು ತರಗತಿಯಲ್ಲಿದ್ದರೆ, ಹಲಗೆಯ ಅಕ್ಷರ ಕಾಣದೆಂದು ಅದು ಮುಂದಿನ ಸಾಲಿಗೆ ಸರಿಯುತ್ತಿದ್ದರೆ, ಪಾಠ ಕಲಿಯದೆಂದು ಗದರಿಸುವ ಮೊದಲು ಅದರ ತಂದೆತಾಯಿಗಳನ್ನು ಕರೆಸಿ ಕಣ್ಣಿನ ವೈದ್ಯರಲ್ಲಿಗೆ ಕಳುಹಿಸಿರಿ. ಆ ಮಗು ತನಗೆ ಕಾಣುವುದಿಲ್ಲವೆಂದು ತಾನಾಗಿ ಹೇಳಲಾರದು, ಚೆನ್ನಾಗಿ ಕಾಣುವುದೆಂದರೆ ಏನೆಂಬುದೇ ಅದಕ್ಕೆ ಮರೆತುಹೋಗಿರುತ್ತದೆ.